ನೊಂಡಿ ಕೋವಿಲಿನ ಅಳತೆ

ಯಾರ ಮನೆಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ಸೂರು ನೋಡುವುದು ನನ್ನ ಹಳೆಯ ಚಾಳಿ. ಮನೆಯವರು ಬನ್ನಿ, ಕೂತ್ಕೊಳ್ಳಿ ಅನ್ನುವಷ್ಟರಲ್ಲಿ ತೊಲೆ ಎಷ್ಟು ಬಾಗಿದೆ, ಗಾರೆ ಎಲ್ಲಿ ಉಬ್ಬಿದೆ, ಮಳೆನೀರು ಯಾವ ಮೂಲೆಯಿಂದ ಇಳಿದಿದೆ ಎಂಬುದನ್ನೆಲ್ಲ ನೋಡಿ ಮುಗಿಸಿರುತ್ತೇನೆ. ನನ್ನ ಹೆಂಡತಿ ಸರಸುವಿಗೆ ಇದರಿಂದ ಬಹಳ ನಾಚಿಕೆಯಾಗುತ್ತಿತ್ತು. ಒಮ್ಮೆ ಅವಳ ತಂಗಿಗೆ ಗಂಡು ನೋಡಲು ಬತ್ತಲಗುಂಡಿಗೆ ಹೋಗಿದ್ದೆವು. ನಾನು ಹುಡುಗನನ್ನು ಬಿಟ್ಟು ಅವರ ಪಡಸಾಲೆಯ ಸೂರನ್ನೇ ನೋಡುತ್ತ ಕೂತಿದ್ದೆ. ಹೊರಗೆ ಬಂದ ಮೇಲೆ ಅವಳು ಕೇಳಿದಳು, "ಉಡ್ಗ ಎಂಗವ್ನೆ?"

"ಎರಡ್ನೇ ತೊಲೆ ಗೆದ್ಲು ತಿಂದೈತೆ" ಅಂದೆ.

ಆ ಸಂಬಂಧ ಕೂಡಿಬರಲಿಲ್ಲ. ಕಾರಣ ಬೇರೆಯೇ ಇತ್ತು. ಆದರೂ ನಮ್ಮ ನೆಂಟರ ಬಾಯಲ್ಲಿ ಅದು ಗೆದ್ದಲಿನಿಂದ ಮುರಿದ ಮದುವೆ ಎಂದೇ ಉಳಿಯಿತು.

ಈ ಚಾಳಿ ಬಂದದ್ದು ಕೆಲಸದಿಂದ. ದಿಂಡಿಗಲ್ಲಿನಲ್ಲಿ ರೈಲ್ವೆಯ ಕಟ್ಟಡ ವಿಭಾಗದಲ್ಲಿ ನಕ್ಷೆ ಬರೆಯುವುದು ನನ್ನ ಕೆಲಸವಾಗಿತ್ತು. ಸ್ಟೇಷನ್ನು, ಗೋದಾಮು, ಗ್ಯಾಂಗ್‌ಮನ್‌ಗಳ ಮನೆ, ಹೀಗೆ ಇರುವ ಕಟ್ಟಡವನ್ನು ಅಳೆದು ಕಾಗದದ ಮೇಲೆ ಇಳಿಸಬೇಕು. ನಡುವೆ ಕೆಲವು ವರ್ಷ ಅರಸೀಕೆರೆಗೆ ವರ್ಗವಾಗಿತ್ತು. ನಾನು ಕನ್ನಡದ ಅಕ್ಷರ ಕಲಿತದ್ದು ಅಲ್ಲಿ, ಸ್ಟೇಷನ್ ಬೋರ್ಡುಗಳನ್ನು ನೋಡಿ. ಮಾತು ಮೊದಲೇ ಇತ್ತಲ್ಲ. ನಮ್ಮ ಮನೆಯ ಕನ್ನಡ ಕೇಳಿ ಅಲ್ಲಿನವರು, "ಯಾವ ಕಡೆಯವರು ನೀವು, ಕೊಳ್ಳೇಗಾಲವಾ?" ಅನ್ನುತ್ತಿದ್ದರು. ತಮಿಳು ಸೀಮೆಯ ತೇನಿ ಅಂದರೆ ನಗುತ್ತಿದ್ದರು. ನಮ್ಮ ಹಿರಿಯರು ದನ ಹೊಡೆದುಕೊಂಡು ಈ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ ನಮಗೇ ಗೊತ್ತಿಲ್ಲ ಎಂದು ವಿವರಿಸಿದರೆ, ಅವರು ತಲೆ ಆಡಿಸಿ, ಮಾರನೆಯ ದಿನ ಮತ್ತೆ ಕೊಳ್ಳೇಗಾಲ ಎಂದೇ ಪರಿಚಯಿಸುತ್ತಿದ್ದರು. ಹೀಗೆ ನಾನು ಬರೆಯುವ ಕನ್ನಡ ಸಂಬಳಕ್ಕೆ ಹೋದಲ್ಲಿ ಕಲಿತದ್ದು, ಆಡುವ ಕನ್ನಡ ಅವ್ವನದು. ಎರಡೂ ಒಂದನ್ನೊಂದು ನೋಡಿದರೆ ಗುರುತು ಹಿಡಿಯುತ್ತವೋ ಇಲ್ಲವೋ.

ನಿವೃತ್ತಿಯಾದ ಮೇಲೆ ಚಿನ್ನಮನೂರಿನಲ್ಲಿ, ಒಂದು ರಸಗೊಬ್ಬರದ ಅಂಗಡಿಯ ಮೇಲಿನ ಮನೆಯನ್ನು ಬಾಡಿಗೆಗೆ ಹಿಡಿದೆವು. ಸರಸುವಿನ ತವರು ಹತ್ತಿರ, ಆಸ್ಪತ್ರೆ ಹತ್ತಿರ ಎಂಬ ಲೆಕ್ಕಾಚಾರ. ಆಸ್ಪತ್ರೆ ಹತ್ತಿರವಿದ್ದದ್ದರಿಂದ ಹೆಚ್ಚು ಉಪಯೋಗವಾಗಲಿಲ್ಲ. ಅವಳು ಹೋಗಿ ಎರಡು ವರ್ಷ ದಾಟಿತು. ನಮಗೆ ಮಕ್ಕಳಿಲ್ಲ.

ಒಬ್ಬ ಮನುಷ್ಯ ಹೋದರೆ ಏನೆಲ್ಲ ಹೋಗುತ್ತದೆ ಎಂದು ಮೊದಲಿಗೇ ತಿಳಿಯುವುದಿಲ್ಲ. ಅವಳು ಹೋದ ಎಷ್ಟೋ ದಿನಗಳ ಮೇಲೆ ಒಂದು ಬೆಳಿಗ್ಗೆ ನನಗೆ ಹೊಳೆಯಿತು: ನಾನು ಕನ್ನಡ ಮಾತಾಡಿ ತಿಂಗಳುಗಳೇ ಆಗಿವೆ. ಕೆಳಗಿನ ಅಂಗಡಿಯವನು ತಮಿಳಿನವನು, ಹಾಲಿನವಳು ತಮಿಳಿನವಳು. ನೆಂಟರ ಮಕ್ಕಳನ್ನು ಕನ್ನಡದಲ್ಲಿ ಮಾತಾಡಿಸಿದರೆ, "ಪುರಿಯುದು ತಾತಾ, ಪೇಸ ವರಲೆ" ಅನ್ನುತ್ತಾರೆ. ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲವಂತೆ. ಸುಳ್ಳಲ್ಲ, ಪಾಪ. ಆಮೇಲೆ ನಾನು ಕುಕ್ಕರಿನ ಜೊತೆ ಕನ್ನಡ ಆಡಲು ಶುರು ಮಾಡಿದೆ. ಅದು ಕೂಗಿದರೆ "ಇರು, ಬಂದೆ" ಅನ್ನುವುದು, ಕೂಗದಿದ್ದರೆ "ಏನಾಯ್ತು ನಿಂಗೆ" ಎಂದು ಕೇಳುವುದು. ನಗಬೇಡಿ. ಒಬ್ಬರೇ ಇದ್ದು ನೋಡಿ.

ಹೀಗಿರುವಾಗ ಮಾರ್ಕಯನ್‌ಕೋಟ್ಟೈ ಹತ್ತಿರದ ಒಂದು ಹಳ್ಳಿಗೆ, ತೀರಿಕೊಂಡ ದೂರದ ನೆಂಟರೊಬ್ಬರ ಹದಿನಾರನೆಯ ದಿನದ ಊಟಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ಈಗಲೂ ಇರುವವರಿಗೆ ಮುಜುಗರವಾದೀತು. ಊಟ ಮುಗಿಸಿ ಹೊರಟರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ರಸ್ತೆಯ ಪಕ್ಕದಲ್ಲೇ ಮಾದಾ ಕೋವಿಲು, ಅಂದರೆ ಊರಿನ ಕ್ಯಾಥೊಲಿಕ್ ಇಗರ್ಜಿ. ನಮ್ಮ ಕಡೆ ಎಲ್ಲರೂ ಅದನ್ನು ಮಾತೆಯ ಕೋವಿಲು ಎಂದೇ ಕರೆಯುವುದು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಆ ದಾರಿಯಲ್ಲಿ ಹೋಗುವಾಗ ಎಷ್ಟೋ ಸಲ ನೋಡಿದ್ದೆ, ಒಳಗೆ ಹೋಗಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ತಲೆ ಎತ್ತಿದೆ.

ಅಷ್ಟು ಎತ್ತರದ ಮಾಡನ್ನು ನಮ್ಮ ಕಣಿವೆಯ ಹಳ್ಳಿಯೊಂದರಲ್ಲಿ ನಾನು ಕಂಡಿರಲಿಲ್ಲ. ತೇಗದ ಅಡ್ಡತೊಲೆಗಳು ಒಂದರ ಹಿಂದೆ ಒಂದು ಪೀಠದವರೆಗೂ ಸಾಗಿದ್ದವು. ಮೇಲೆ ಹೆಂಚು, ಹೆಂಚಿನ ನಡುವೆ ಅಲ್ಲಲ್ಲಿ ಗಾಜಿನ ತುಂಡು, ಅದರಿಂದ ಇಳಿದ ಬೆಳಕಿನ ಕೋಲುಗಳು. ಆದರೆ ಪೀಠದ ಮುಂದಿನ ದೊಡ್ಡ ಕಮಾನಿನ ನೆತ್ತಿಯಲ್ಲಿ ಕೈ ತೂರುವಷ್ಟು ದೊಡ್ಡ ಬಿರುಕು ಬಿಟ್ಟಿತ್ತು. ಅದರ ಕೆಳಗೆ ಹಗ್ಗ ಕಟ್ಟಿ ಜನ ಹೋಗದಂತೆ ಮಾಡಿದ್ದರು.

"ಮೇಲೇನು ಕಾಣಿಸ್ತಿದೆ ಐಯಾ?" ಎಂದು ಹಿಂದಿನಿಂದ ಯಾರೋ ತಮಿಳಿನಲ್ಲಿ ಕೇಳಿದರು. ಅಲ್ಲಿನ ಫಾದರ್. ಕನ್ಯಾಕುಮಾರಿ ಕಡೆಯ ತರುಣ, ಈ ಊರಿಗೆ ಬಂದು ವರ್ಷವಾಗಿರಲಿಲ್ಲ. ಕೈಯಲ್ಲಿ ಶಟಲ್ ಬ್ಯಾಟು. ಜೊತೆಗೆ ಆಡುವವರಿಲ್ಲದೆ ಕೋವಿಲಿನ ಹಿಂಗೋಡೆಗೆ ಹೊಡೆದು ಆಡುತ್ತಿದ್ದರಂತೆ.

ಬಿರುಕು ಹೊಸದಲ್ಲ, ದಕ್ಷಿಣದ ತಳಪಾಯ ಕುಸಿದಿರುವುದರಿಂದ ಬಂದದ್ದು ಅಂದೆ. ಅವರು ಬೆರಗಾಗಲಿಲ್ಲ. ಎಂಜಿನಿಯರುಗಳೂ ಅದನ್ನೇ ಹೇಳಿದ್ದರಂತೆ. ಒಂದು ಭಾನುವಾರ ಪೂಜೆಯ ನಡುವೆ ಗಾರೆಯ ದೊಡ್ಡ ಚಕ್ಕೆ ಬಿದ್ದು, ಯಾರಿಗೂ ಏಟಾಗದೆ ಹೋದದ್ದೇ ಪುಣ್ಯ. ಬಿಷಪ್ಪರ ಕಡೆಯಿಂದ ಅಪ್ಪಣೆಯಾಗಿದೆ, ಪೊಂಗಲ್ ಕಳೆದ ಮೇಲೆ ಇಳಿಸಿಬಿಡುತ್ತೇವೆ, ಹೊಸದು ಕಟ್ಟುತ್ತೇವೆ ಎಂದರು. ಆಮೇಲೆ ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, "ಇದರದ್ದು ಒಂದು ನಕ್ಷೆಯೂ ಇಲ್ಲ. ಇಳಿಸಿದ ಮೇಲೆ ಹೀಗಿತ್ತು ಅಂತ ಹೇಳೋದಕ್ಕೆ ಮೊಬೈಲ್ ಫೋಟೋ ಬಿಟ್ಟರೆ ಏನೂ ಇರೋಲ್ಲ" ಅಂದರು.

"ನಾನು ಬರೆದುಕೊಡ್ತೇನೆ" ಅಂದುಬಿಟ್ಟೆ.

ಯಾಕೆ ಅಂದೆನೋ. ದೈವಭಕ್ತಿಯಿಂದಲ್ಲ, ನಮ್ಮ ಕುಲದೇವರ ಗುಡಿಗೇ ವರ್ಷಕ್ಕೊಮ್ಮೆ ಹೋಗುವವನು ನಾನು. ಮಾರನೆಯ ದಿನ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಸಿಕ್ಕಿತಲ್ಲ ಎಂಬ ಆಸೆ, ಅಷ್ಟೇ.

ಆ ಕೋವಿಲಿಗೆ ಸುತ್ತಲಿನ ಹಳ್ಳಿಗಳಲ್ಲಿ 'ನೊಂಡಿ ಕೋವಿಲು' ಎಂಬ ಅಡ್ಡಹೆಸರು. ನೊಂಡಿ ಅಂದರೆ ಕುಂಟು. ಮುಂಭಾಗದಲ್ಲಿ ಎರಡು ಗೋಪುರ, ಒಂದು ತೆಂಗಿನ ಮರವನ್ನು ಮೀರಿಸಿ ನಿಂತಿದೆ, ಇನ್ನೊಂದು ಮಾಡಿನ ಮಟ್ಟಕ್ಕೇ ನಿಂತುಹೋಗಿ, ಮೇಲೆ ಚಪ್ಪಟೆ ಟೋಪಿ ಹಾಕಿಕೊಂಡಿದೆ. ಕಟ್ಟಿಸಿದವರು ಕಡಲಾಚೆಯ ಒಬ್ಬ ಪಾದ್ರಿ. ಹೆಸರು ಊರಿನಲ್ಲಿ ಯಾರಿಗೂ ನೆನಪಿಲ್ಲ, ವೆಳ್ಳೈಕಾರ ಸಾಮಿ, ಅಂದರೆ ಬಿಳಿಯರ ಸಾಮಿ, ಎಂದೇ ಮಾತು. ಒಂದು ಗೋಪುರ ಮುಗಿಸಿ ಇನ್ನೊಂದನ್ನು ಎತ್ತುವಾಗ ಆತನಿಗೆ ಮಲೇರಿಯಾ ಬಂತು. ಆಗೆಲ್ಲ ಈ ಕಣಿವೆಯ ಜ್ವರ ಅಂದರೆ ಮದುರೆಯವರೂ ಹೆದರುತ್ತಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಪಾದ್ರಿ ತೀರಿಕೊಂಡ ಮೇಲೆ ಬಂದವರು ಗೋಪುರವನ್ನು ಅಲ್ಲಿಗೇ ಮುಚ್ಚಿಸಿದರು.

ಒಳಗಿನ ಕಂಬಗಳ ಕತೆ ಇನ್ನೂ ಚೆನ್ನಾಗಿದೆ. ಕಂಬದ ತಲೆಯಲ್ಲಿ ದ್ರಾಕ್ಷಿ ಗೊಂಚಲು ಕೆತ್ತಬೇಕೆಂದು ಸಾಮಿಯ ಅಪ್ಪಣೆ. ಕೆತ್ತುವವರು ಗುಡಿಯ ಕೆಲಸದವರು, ಬತ್ತಲಗುಂಡಿನ ಕಡೆಯಿಂದ ಬಂದವರಂತೆ. ಅವರು ದ್ರಾಕ್ಷಿಯನ್ನೇ ಕಂಡಿರಲಿಲ್ಲ. ಗುಂಡಗೆ, ಗೊಂಚಲಾಗಿ ಇರುತ್ತದೆ ಎಂದು ಸಾಮಿ ಕೈಸನ್ನೆಯಲ್ಲಿ ವಿವರಿಸಿರಬೇಕು. ಅವರು ತಮಗೆ ಗೊತ್ತಿದ್ದ ತಾಳೆಹಣ್ಣನ್ನು ಕೆತ್ತಿಟ್ಟರು. ಈಗ ಕೋವಿಲಿನ ಕಿಟಕಿಯಿಂದ ನೋಡಿದರೆ ಎತ್ತ ಕಣ್ಣು ಹಾಯಿಸಿದರೂ ದ್ರಾಕ್ಷಿ ತೋಟ. ಒಳಗೆ ಮಾತ್ರ ಕಂಬಕ್ಕೊಂದು ತಾಳೆಗೊನೆ. ಕಂಬದ ಬುಡದಲ್ಲಿ, ಯಾರೂ ಕೇಳದಿದ್ದರೂ, ಕಮಲದ ದಳಗಳು. ಪೀಠಕ್ಕೆ ಹತ್ತಿರವಿದ್ದ ಉತ್ತರದ ಕಂಬವಂತೂ ಎಷ್ಟು ದಪ್ಪ, ಎಷ್ಟು ಗಂಭೀರ. ಅದನ್ನು ಮೊದಲ ದಿನವೇ ಮೂರು ಕಡೆಯಿಂದ ಬರೆದುಕೊಂಡೆ.

ಅಳತೆಗೆ ಟೇಪಿನ ಇನ್ನೊಂದು ತುದಿ ಹಿಡಿಯುವವರು ಬೇಕಲ್ಲ. ಫಾದರ್, ಕೋವಿಲು ಗುಡಿಸಿ ಪೀಠಕ್ಕೆ ಹೂ ಇಡುವ ಆರೋಕ್ಯಮ್ಮನನ್ನು ಕರೆದರು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರಿರಬಹುದು. ಗಂಡ ತೀರಿಕೊಂಡಿದ್ದಾರೆ. ಕೋವಿಲಿನ ಆವರಣದ ಮೂಲೆಯ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ನಾನು "ಇಂಗೆ ಪಿಡಿಂಗಮ್ಮಾ" ಎಂದು ಟೇಪಿನ ತುದಿ ಕೊಟ್ಟು, ಬಾಗಿಲ ಕಡೆಗೆ ನಡೆದೆ. ಲೆಕ್ಕ ಮಾತ್ರ ನಾನು ಯಾವತ್ತೂ ಅವ್ವನ ಮಾತಿನಲ್ಲೇ ಹಾಕುವುದು. ಅಡಿ ಗುರುತು ನೋಡಿ ಬಾಯಲ್ಲೇ ಗೊಣಗಿಕೊಂಡೆ, "ಎಪ್ಪತ್ತೆರಡೂವರೆ."

ಪೀಠದ ಕಡೆಯಿಂದ ದನಿ ಬಂತು. "ಅಣ್ಣಾ, ಇಲ್ಲಿ ಟೇಪು ಸುತ್ಕಂಡೈತೆ. ಇನ್ನೊಂದ್ಸಲ ನೋಡ್ರಿ."

ಆ ಎತ್ತರದ ಮಾಡಿನ ಕೆಳಗೆ ಆ ಮಾತು ಎರಡು ಸಲ ಕೇಳಿಸಿತು. ನಾನು ತಿರುಗಿ ನಿಂತೆ. ಟೇಪು ಕೈಯಿಂದ ಜಾರಿ ಸರ್ರನೆ ಸುತ್ತಿಕೊಂಡು ಅವರ ಕಡೆಗೇ ಓಡಿತು.

"ನಿಂಗೆ ನಮ್ಮ ಮಾತು ಎಂಗೆ ಗೊತ್ತು?" ಅಂದೆ.

"ನಮ್ಮವ್ವ ನಿಮ್ಮೋರ ತೋಟದಾಗೆ ಕಳೆ ಕೀಳಾಕೆ ಓಗ್ತಿದ್ಲು. ನಾನೂ ಕೂಡೆ ಓಗ್ತಿದ್ದೆ. ನಿಮ್ಮೋರ ಮಕ್ಳ ಜತೆ ಆಡಿ ಆಡಿ ಬಂತು" ಅಂದರು ಆರೋಕ್ಯಮ್ಮ. "ಆಡಿ ಎಷ್ಟೋ ವರ್ಸ ಆಯ್ತು. ಸರಿಯಾಗಿ ಬತ್ತೈತೋ ಇಲ್ಲೆಯೋ."

ಸರಿಯಾಗಿ ಬರುತ್ತಿತ್ತು. ನನ್ನ ಅಜ್ಜಿಯ ಕಾಲಕ್ಕೇ ನಿಂತುಹೋದ ಮಾತುಗಳೂ ಅವರ ಬಾಯಲ್ಲಿದ್ದವು. ಅಂದು ನಾನು ಹಾಕಿದ ಅಳತೆಗಳಲ್ಲಿ ಅರ್ಧಕ್ಕರ್ಧ ತಪ್ಪು. ಮಾರನೆಯ ದಿನ ಮತ್ತೆ ಹಾಕಬೇಕಾಯಿತು. ಅದರಿಂದ ನನಗೆ ಬೇಸರವಾಯಿತು ಎಂದು ಹೇಳಲಾರೆ.

ಹತ್ತು ದಿನದಲ್ಲಿ ಮುಗಿಯಬಹುದಾದ ಕೆಲಸವನ್ನು ನಾನು ಎರಡು ತಿಂಗಳು ಎಳೆದೆ. ಬೆಳಗಿನ ಟೌನ್ ಬಸ್ಸಿಗೆ ಹೋಗುವುದು, ಸಾಯಂಕಾಲ ಬರುವುದು. ಕಿಟಕಿಯೊಂದನ್ನು ಅಳೆದರೆ ಸಾಕಿದ್ದರೂ ಎಲ್ಲ ಕಿಟಕಿಗಳನ್ನೂ ಅಳೆದೆ. ಗೋಡೆಗಳು ಒಂದಕ್ಕೊಂದು ನೇರವಿಲ್ಲ, ಉತ್ತರದ ಗೋಡೆ ದಕ್ಷಿಣದ್ದಕ್ಕಿಂತ ಉದ್ದ ಎಂದು ತಿಳಿದಾಗ ನನಗಾದ ಸಂತೋಷ ಆ ವೆಳ್ಳೈಕಾರ ಸಾಮಿಗೆ ಆಗಿರಲಾರದು. ಮಧ್ಯಾಹ್ನ ನನ್ನ ಬುತ್ತಿ, ಅವರ ಸಾರು. ಮೊದಲು ಬೇರೆ ಬೇರೆ ಕೂತು ಉಣ್ಣುತ್ತಿದ್ದೆವು, ಆಮೇಲೆ ಒಂದೇ ಕಟ್ಟೆಯ ಮೇಲೆ. ಅವರ ಕರುವಾಡಿನ ಸಾರಿನ ವಾಸನೆ ಹಿಡಿದು ಫಾದರ್ ಒಮ್ಮೊಮ್ಮೆ ತಟ್ಟೆ ಸಮೇತ ಬರುತ್ತಿದ್ದರು. ಒಣಮೀನು ಕಂಡರೆ ಆ ಕಡಲಿನವರ ಕಣ್ಣಲ್ಲಿ ನೀರು. ನಾವಿಬ್ಬರೂ ಮಾತಾಡುವುದು ಅವರಿಗೆ ಅರ್ಥವಾಗುತ್ತಿರಲಿಲ್ಲ. ಆದರೂ ಕೂತು ಕೇಳಿಸಿಕೊಳ್ಳುತ್ತಿದ್ದರು.

ಒಂದು ದಿನ ನನ್ನ ಅಜ್ಜಿಯ ಹೆಮ್ಮೆಯ ಮಾತನ್ನು ಹೇಳಿದೆ. ಈ ಕೋವಿಲು ಕಟ್ಟುವಾಗ ಗಾರೆ ಅರೆಯುವ ಗಾಣಕ್ಕೆ ಎತ್ತು ಕೊಟ್ಟವರು ನಮ್ಮವರು ಎಂದು ಅಜ್ಜಿ ಹೇಳುತ್ತಿದ್ದಳು. ಆರೋಕ್ಯಮ್ಮ ತಲೆ ಆಡಿಸಿ, "ನಿಜ ಇರ್ಬೋದು. ಆ ಗಾರೆನ ತಲೆ ಮೇಲೆ ಒತ್ತೋರು ನಮ್ಮೋರು. ಎತ್ತಿಗಾದ್ರೂ ಮದ್ಯಾನ ಬಿಡ್ತಿದ್ರಂತೆ" ಅಂದು ನಕ್ಕರು. ನಾನೂ ನಕ್ಕೆ. ನಗಬೇಕಾದ ಮಾತೋ ಅಲ್ಲವೋ ಎಂದು ಬಸ್ಸಿನಲ್ಲಿ ಯೋಚನೆಯಾಯಿತು.

ಇನ್ನೊಂದು ದಿನ ಗಂಟೆಯ ಗೋಪುರದ ಒಳಮೆಟ್ಟಿಲು ಅಳೆಯುತ್ತಿದ್ದೆವು. "ಬಾ, ಇಲ್ಲಿ ಇಡ್ಕ" ಅಂದೆ. ಅವರು ಟೇಪು ಹಿಡಿದು, "ಅಣ್ಣಾ, ಒಂದು ಮಾತು ಯೋಳ್ಲಾ?" ಅಂದರು.

"ಯೋಳು."

"ತಮಿಳ್ನಲ್ಲಿ ನೀವು ನನ್ನ 'ವಾಂಗಮ್ಮಾ' ಅಂತೀರಿ. ನಿಮ್ಮ ಮಾತ್ನಲ್ಲಿ 'ಬಾ' ಅಂತೀರಿ."

ವಾಂಗ ಅಂದರೆ ಬನ್ನಿ. ನಮ್ಮ ಮನೆಮಾತಿನಲ್ಲಿ ಹತ್ತಿರದವರಿಗೆ ಹಾಗೇ ಅನ್ನುವುದು, ಅವ್ವನಿಗೂ ಹೆಂಡತಿಗೂ ಹಾಗೇ ಅನ್ನುತ್ತಿದ್ದೆ ಎಂದೆ.

"ಅದು ಗೊತ್ತು" ಅಂದರು ಆರೋಕ್ಯಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಕಳೆ ಕೀಳೋರ್ಗೂ ಅಂಗೇ ಅಂತಿದ್ರು. ನೀವು ಯಾವ 'ಬಾ' ಅಂತೀರಿ ಅಂತ ನಂಗೆ ಎಂಗೆ ತಿಳೀಬೇಕು?"

ಎರಡು ವರ್ಷದ ಮೇಲೆ ಬಾಯಿಗೆ ಬಂದ ಮಾತು, ನನಗೆ ಅದು ಅಡುಗೆಮನೆಯ ಹೊಗೆ, ಸರಸುವಿನ ಗೊಣಗು. ಅವರಿಗೆ ಅದು ಬೇರೆಯವರ ಅಂಗಳ. ಮಾರನೆಯ ದಿನ ಬಸ್ಸಿಳಿದು ಹೋದವನು, "ಬನ್ನಿ ಆರೋಕ್ಯಮ್ಮಾ" ಅಂದೆ. ನಾಲಿಗೆಗೆ ಹೊಸ ಚಪ್ಪಲಿ ಹಾಕಿದಂತಿತ್ತು. ಅವರು ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕರು. "ಈ ಮಾತ್ನಲ್ಲಿ ನನ್ನ ಯಾರೂ 'ಬನ್ನಿ' ಅಂದಿಲ್ಲೆ" ಅಂದರು. ಅಂದಿನಿಂದ ಹಾಗೇ ಕರೆದೆ. ಹೇಳಲೇಬೇಕೆಂದರೆ, ಮಾತಿನ ಮೊದಲಿನ ಸಲುಗೆ ಸ್ವಲ್ಪ ಕಡಿಮೆಯಾಯಿತು. ಆದರೆ ಅವರು ನನ್ನ ಜೊತೆ ಮಾತಾಡುವುದು ಹೆಚ್ಚಾಯಿತು.

ಕೋವಿಲು ಮೇಲಿನಿಂದ ನೋಡಿದರೆ ಶಿಲುಬೆಯ ಆಕಾರ. ಪೀಠದ ಮುಂದೆ ಎಡಕ್ಕೂ ಬಲಕ್ಕೂ ಎರಡು ತೋಳು ಚಾಚಿಕೊಂಡಿವೆ. ಉತ್ತರದ ತೋಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ಗೋಡೆಯ ಮೇಲೆ ಒಂದು ಕಡೆ ಗಾರೆಯ ಬಣ್ಣ ಬೇರೆ ಇತ್ತು. ಸುಣ್ಣದ ಗೋಡೆಯ ನಡುವೆ ಸಿಮೆಂಟಿನ ತೇಪೆ, ಮೇಲೆ ಕಮಾನಿನ ಆಕಾರ. ಹಿಂದೆ ಬಾಗಿಲಿದ್ದು ಮುಚ್ಚಿದ್ದಾರೆ ಎಂದು ಯಾರಿಗಾದರೂ ತಿಳಿಯುವಂತಿತ್ತು. ನಕ್ಷೆಯಲ್ಲಿ ಈಗ ಇರುವುದನ್ನು ತೋರಿಸಿದರೆ ಸಾಕು, ಗೋಡೆ ಎಂದೇ ಎಳೆದುಬಿಡೋಣ ಎಂದುಕೊಂಡೆ.

ಅಂದು ನನ್ನ ಮನಸ್ಸು ಭಾರವಾಗಿತ್ತು. ಅಳೆಯಲು ಇನ್ನೇನೂ ಉಳಿದಿರಲಿಲ್ಲ. "ಇಷ್ಟು ಚೆಂದದ ಕೋವಿಲು ಬೀಳುಸ್ತಾರಲ್ಲ, ನಿಮಗೆ ಸಂಕಟ ಆಗಲ್ವಾ?" ಎಂದು ಕೇಳಿದೆ.

"ಬೀಳ್ಲಿ ಅಣ್ಣಾ" ಅಂದರು.

ನಾನು ಅವರ ಮುಖ ನೋಡಿದೆ. ಅವರು ಆ ತೇಪೆಯ ಮೇಲೆ ಅಂಗೈ ಇಟ್ಟರು. "ಇದು ನಮ್ಮ ಬಾಗ್ಲು. ನಮ್ಮ ಜನ ಮುಂಬಾಗ್ಲಲ್ಲಿ ಬರಂಗಿಲ್ಲೆ. ಇಲ್ಲಿ ಬಂದು, ಇಲ್ಲೇ ಕೂತು, ಇಲ್ಲೇ ಓಗ್ಬೇಕು. ಕೂತ್ಕಳ್ರಿ, ನಮ್ಮವ್ವ ಕೂತ್ಕಂತಿದ್ದ ಜಾಗದಾಗೆ."

ಅವರು ತೋರಿಸಿದಲ್ಲಿ ನೆಲದ ಮೇಲೆ ಕೂತೆ. ಎದುರಿಗೆ, ನಾನು ಮೆಚ್ಚಿ ಮೆಚ್ಚಿ ಬರೆದಿದ್ದ ಆ ದಪ್ಪ ಕಂಬ. ಅದರ ಆಚೆಗೆ ಪೀಠದ ಒಂದು ಅಂಚು ಮಾತ್ರ ಕಾಣುತ್ತಿತ್ತು.

"ಸಾಯೋಗಂಟ ನಮ್ಮವ್ವ ಪೂಜೆ ಮಾಡೋ ಸಾಮಿಯಾರ ಮೊಗ ಕಂಡಿಲ್ಲೆ. ಒಂದು ಕೈ ಕಾಣೋದಂತೆ. ಆ ಕೈ ಮೇಲೆ ಓದ್ರೆ ಇವ್ಳೂ ಮಂಡಿ ಊರೋದು, ಕೆಳಗೆ ಬಂದ್ರೆ ಏಳೋದು. ನಾನು ಸಣ್ಣೋಳಿದ್ದಾಗ ಒಬ್ರು ಸಾಮಿಯಾರ್ ಬಂದು ಬಾಗ್ಲು ಮುಚ್ಚಿಸಿದ್ರು. ಎಲ್ಲಾರೂ ಮುಂಬಾಗ್ಲಲ್ಲಿ ಬರ್ಲಿ ಅಂದ್ರು. ದೊಡ್ಡ ಮನ್ಸ. ನಾವೂ ಮುಂಬಾಗ್ಲಲ್ಲಿ ಬಂದ್ವಿ. ಬಂದು ಮತ್ತೆ ಇಲ್ಲೇ ಕೂತ್ಕಂಡ್ವಿ."

"ಈಗ್ಲೂನಾ?"

"ನಾನು ಈಗ್ಲೂ ಇಲ್ಲೇ. ಯಾರೂ ಏನೂ ಅನ್ನಾಕಿಲ್ಲೆ. ಕಾಲೇ ಬಂದುಬುಡ್ತೈತೆ." ಆಮೇಲೆ ಕೇಳಿದರು, "ಈ ಬಾಗ್ಲು ಬರ್ದೀರಾ?"

"ಈಗ ಅದು ಇಲ್ವಲ್ಲ."

"ಬರೀರಿ ಅಣ್ಣಾ. ಕೋಯಿಲೇ ಓದ್ಮೇಲೆ, ಇರ್ಲೇ ಇಲ್ಲ ಅಂತಾರೆ."

ಮುಚ್ಚಿದ ಬಾಗಿಲನ್ನು ಚುಕ್ಕಿ ಗೆರೆಯಲ್ಲಿ ತೋರಿಸುವುದು ನಮ್ಮ ಕೆಲಸದ ರೂಢಿ. ಚುಕ್ಕಿ ಗೆರೆಯಲ್ಲೇ ಬರೆದೆ. ಕಮಾನು, ಹೊಸ್ತಿಲು, ಅಗಲ, ಎತ್ತರ. ಪಕ್ಕದಲ್ಲಿ ತಮಿಳಿನಲ್ಲಿ 'ಮುಚ್ಚಿದ ಬಾಗಿಲು' ಎಂದು ಸಣ್ಣದಾಗಿ ಗುರುತು ಹಾಕಿದೆ.

ಪೊಂಗಲ್ ಕಳೆದ ಮೊದಲ ಭಾನುವಾರ ಹಳೆಯ ಕೋವಿಲಿನಲ್ಲಿ ಕೊನೆಯ ಪೂಜೆ. ಬಿರುಕಿನಿಂದ ದೂರ, ಬಾಗಿಲ ಹತ್ತಿರ ಮೇಜು ಹಾಕಿ ಮಾಡಿದರು. ನನ್ನ ನಕ್ಷೆಗೆ ಚೌಕಟ್ಟು ಹಾಕಿಸಿ, ಫಾದರ್ ಅದನ್ನು ಎಲ್ಲರೂ ನೋಡಲೆಂದು ಮುಂದೆ ಇಟ್ಟಿದ್ದರು. ಪೂಜೆ ಮುಗಿದ ಮೇಲೆ ಜನ ಸುತ್ತ ನೆರೆದು ತಮ್ಮ ತಮ್ಮ ಕಿಟಕಿ, ತಮ್ಮ ಕಂಬ ಹುಡುಕತೊಡಗಿದರು. ನನಗೆ ಒಳಗೊಳಗೇ ಉಬ್ಬು. ಅಷ್ಟರಲ್ಲಿ ಊರಿನ ಹಿರಿಯರೊಬ್ಬರು, ಬಿಳಿ ಅಂಗಿಯ, ನಿಧಾನ ಮಾತಿನ ಮನುಷ್ಯ, ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಬಾಗಿಲು ಯಾವತ್ತೂ ಇರಲಿಲ್ಲ. ಹೊರಗಿನವರು, ಅವರಿಗೆ ಗೊತ್ತಿಲ್ಲ. ಫಾದರ್, ಇದನ್ನು ಅಳಿಸಿ ಹಾಕ್ಸಿ."

ನನ್ನನ್ನು ಹೊರಗಿನವನು ಅಂದದ್ದು ಸರಿಯೇ. ನಾನು ಗೋಡೆಯ ತೇಪೆಯ ವಿಷಯ ಎತ್ತಲು ಬಾಯಿ ತೆರೆದೆ. ಆದರೆ ಅದಕ್ಕೆ ಮೊದಲು, ಉತ್ತರದ ತೋಳಿನ ಕಡೆ ನಿಂತಿದ್ದ ಆರೋಕ್ಯಮ್ಮ ತಮಿಳಿನಲ್ಲಿ ಹೇಳಿದರು, "ಇತ್ತು ಐಯಾ. ನಮ್ಮಮ್ಮ ಅದರಲ್ಲೇ ಬರ್ತಿದ್ದಳು. ನಿಮ್ಮಪ್ಪನಿಗೆ ಗೊತ್ತಿತ್ತು."

ಕೂಗಿ ಹೇಳಲಿಲ್ಲ. ಹೂವಿನ ಬುಟ್ಟಿ ಎಲ್ಲಿಡಲಿ ಎಂದು ಕೇಳುವಷ್ಟೇ ದನಿ. ಆದರೆ ಆ ಮಾಡಿನ ಕೆಳಗೆ ಯಾವ ಮಾತೂ ಮೆಲ್ಲಗೆ ಉಳಿಯುತ್ತಿರಲಿಲ್ಲ. ಅವರ ಸುತ್ತ ನಿಂತಿದ್ದ ನಾಲ್ಕಾರು ಹೆಂಗಸರು ನೆಲ ನೋಡಿದರು, ಆಮೇಲೆ ತಲೆ ಎತ್ತಿದರು. ಹಿರಿಯರು ಬೆರಳು ತೆಗೆದರು. ಫಾದರ್ ಚೌಕಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಇದು ಹೀಗೇ ಹೊಸ ಕೋವಿಲಿನ ಬಾಗಿಲಲ್ಲಿ ಇರುತ್ತೆ" ಅಂದರು. ಹಿರಿಯರ ಮುಖ ನೋಡದೆ ಅದನ್ನು ಹೊತ್ತು ಹೊರಟೇಬಿಟ್ಟರು. ಊರಿಗೆ ಹೊಸಬರು, ಚಿಕ್ಕವರು, ಪಾಪ.

ಮುಂದಿನ ವಾರ ಕೋವಿಲು ಇಳಿಸಲು ಶುರುಮಾಡಿದರು. ಮೊದಲು ಗಂಟೆ, ಆಮೇಲೆ ಹೆಂಚು, ತೊಲೆ. ಗಾಳಿಯ ಕಾಲವಲ್ಲದಿದ್ದರೂ ಧೂಳು ದ್ರಾಕ್ಷಿ ಚಪ್ಪರಗಳವರೆಗೂ ಹೋಯಿತು. ಕಂಬಗಳನ್ನು ಕೆಡವುವ ದಿನ ನಾನು ಹೋಗಿದ್ದೆ. ಆರೋಕ್ಯಮ್ಮ ಬೇಲಿಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಆ ದಪ್ಪ ಕಂಬಕ್ಕೆ ಯಂತ್ರದ ಕೈ ತಾಗಿ ಅದು ಕಮಲದ ಬುಡ ಬಿಟ್ಟು ವಾಲಿದಾಗ, ಬೀಳಲಿ ಎಂದಿದ್ದ ಅವರು ಮುಖಕ್ಕೆ ಸೆರಗು ಹಾಕಿಕೊಂಡು ಅತ್ತರು. ನಾನು ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಅವರ ಕೋಣೆಯೂ ಹೋಗಬೇಕಿತ್ತು. ಹೊಸ ಕಟ್ಟಡ ಮುಗಿಯುವವರೆಗೂ ಮಗಳ ಮನೆಗೆ ಹೋಗುವುದೆಂದಾಯಿತು. ಮಗಳು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿಯಲ್ಲಿ ಹೊಲಿಯುತ್ತಾಳೆ. ಬಸ್ಸಿಗೆ ಹತ್ತಿಸಲು ನಾನೂ ಫಾದರೂ ಹೋದೆವು. ಫಾದರ್ ಕಿಟಕಿಯಲ್ಲಿ ಬಾಳೆಹಣ್ಣಿನ ಚಿಪ್ಪು ಕೊಟ್ಟರು. ನಾನು ಏನು ಕೊಡಬೇಕೆಂದು ತಿಳಿಯದೆ ಕೈ ಬೀಸಿಕೊಂಡೇ ಹೋಗಿದ್ದೆ. "ಓಗಿ ಬನ್ನಿ" ಅಂದೆ. "ಬತ್ತೀನಣ್ಣಾ" ಅಂದರು.

ನೊಂಡಿ ಕೋವಿಲು ಇದ್ದಲ್ಲಿ ಈಗ ಆಕಾಶ ಇದೆ. ಅಷ್ಟು ದೊಡ್ಡ ಆಕಾಶ ಆ ಕಟ್ಟಡದ ಒಳಗಿತ್ತು ಎಂದು ಅನ್ನಿಸಿರಲಿಲ್ಲ. ಪಕ್ಕದಲ್ಲಿ ತಗಡಿನ ಚಪ್ಪರ ಹಾಕಿ ಪೂಜೆ ನಡೆಸುತ್ತಾರೆ. ಗೋಡೆ ಇಲ್ಲವಾದ್ದರಿಂದ ಫಾದರಿಗೆ ಶಟಲ್ ಆಡಲು ಜಾಗವಿಲ್ಲ. ಒಂದೆರಡು ಸಲ ನಾನು ಹೋಗಿ ಎದುರು ನಿಂತು ಆಡಿದೆ. ನನ್ನ ಮಂಡಿ ಒಪ್ಪಲಿಲ್ಲ. ಆಮೇಲೆ ಬೆಳಗಿನ ಬಸ್ಸಿಗೆ ಹೋಗುವುದು ನಿಂತಿತು. ಎದ್ದು ಸ್ನಾನ ಮಾಡಿ, ಅಂಗಿ ಹಾಕಿಕೊಂಡು, ಎಲ್ಲಿಗೂ ಹೋಗುವುದಿಲ್ಲ ಎಂದು ನೆನಪಾಗಿ, ಹಾಗೇ ಕಿಟಕಿಯ ಹತ್ತಿರ ಕೂರುತ್ತೇನೆ. ಕೆಳಗೆ ಗೊಬ್ಬರದ ಮೂಟೆ ಇಳಿಸುವವರ ತಮಿಳು ಕೇಳುತ್ತಿರುತ್ತದೆ.

ಕಳೆದ ಭಾನುವಾರ ಮಧ್ಯಾಹ್ನ ಫೋನು ಬಂತು. ಹೊಸ ನಂಬರು.

"ಅಣ್ಣಾ, ನಾನು. ಆರೋಕ್ಯಂ. ಉಂಡ್ರಾ?"

ಉಂಡಿರಲಿಲ್ಲ. ಆಯ್ತು ಅಂದೆ. "ನೀವು ಎಂಗಿದ್ದೀರಿ?"

"ಇದ್ದೀನಿ. ಮಗ್ಳು ಕಂಪ್ನಿ ವೇಲೆಗೆ ಓಗ್ತಾಳೆ. ಪಗಲೆಲ್ಲಾ ನಾನೊಬ್ಳೇ." ಆ ಕಡೆ ಏನೋ ಬಸ್ಸಿನ ಸದ್ದು. "ಇವತ್ತು ಇಲ್ಲಿ ಕೋಯಿಲಿಗೆ ಓಗಿದ್ದೆ. ಬಾರಿ ದೊಡ್ದು ಅಣ್ಣಾ. ಎಲ್ಲಾ ಪೆಂಚು. ಎಲ್ಲಿ ಕೂತ್ಕಬೇಕು ಅಂತ ಗೊತ್ತಾಗ್ಲೇ ಇಲ್ಲ. ಬಾಗ್ಲಲ್ಲೇ ಸುಮಾರೊತ್ತು ನಿಂತಿದ್ದೆ."

"ಎಲ್ಲಿ ಕೂತ್ರಿ?"

"ಮುಂದೆ. ಮೊದಲ್ನೇ ಪೆಂಚು." ಆಮೇಲೆ ಹೇಳಿದರು, "ಸಾಮಿಯಾರ ಮೊಗ ಪೂರಾ ಕಾಣ್ತಿತ್ತು. ಮೀಸೆ ಬುಟ್ಟವ್ರೆ."

"ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಿಲ್ಲೆ ಅಣ್ಣಾ. ಯಾರ್ಗೂ ನಾನು ಗೊತ್ತೇ ಇಲ್ಲ."

ಅದನ್ನು ಅವರು ಸಂತೋಷದಿಂದ ಹೇಳಿದರೋ ದುಃಖದಿಂದ ಹೇಳಿದರೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ. ನಾನು ಒಳ್ಳೇದಾಯ್ತು ಅಂದೆ. ಅವರು ಊಂ ಅಂದರು. ಆಮೇಲೂ ಬಹಳ ಹೊತ್ತು ಯಾರೂ ಫೋನು ಇಡಲಿಲ್ಲ.